ಹುದುಗು ತೊಟ್ಟಿಯ ಲೆಕ್ಕ



ಮಾದಾಪುರದ ಬಳಿಯ ಒಂದು ಕಾಫಿ ತೋಟದಲ್ಲಿ ನಮ್ಮಪ್ಪ ರೈಟರ್ ಆಗಿದ್ದರು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಘಟ್ಟದ ಕೆಳಗಿನವರು ಯಾರಾದರೂ ಕೇಳುತ್ತಿದ್ದರೆ ಅವರಿಗೆ ಒಂದು ಮಾತು: ಈ ರೈಟರ್ ಕಥೆ ಕಾದಂಬರಿ ಬರೆಯುವವರಲ್ಲ, ಆಳುಗಳ ಹಾಜರಿ, ಗೊಬ್ಬರದ ಚೀಲ, ಕುಯ್ಲಿನ ತೂಕ ಬರೆಯುವವರು. ಡಿಸೆಂಬರ್ ಬಂತೆಂದರೆ ಅಪ್ಪನಿಗೆ ಇನ್ನೊಂದು ಕೆಲಸ ಸೇರಿಕೊಳ್ಳುತ್ತಿತ್ತು. ಪಲ್ಪರ್ ಮನೆಯಲ್ಲಿ ಸಿಪ್ಪೆ ಸುಲಿದ ಕಾಫಿಬೀಜ ಸಿಮೆಂಟಿನ ತೊಟ್ಟಿಯಲ್ಲಿ ಹುದುಗುತ್ತಿರುವಾಗ ಅದನ್ನು ಯಾವ ಗಳಿಗೆಯಲ್ಲಿ ತೊಳೆಯಬೇಕೆಂದು ಹೇಳುವುದು ಅವರ ಕೆಲಸ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ತಲೆಗೆ ಮಫ್ಲರ್ ಸುತ್ತಿ, ಟಾರ್ಚ್ ಹಿಡಿದು ಹೋಗುತ್ತಿದ್ದರು. ಎಷ್ಟೋ ಸಲ ನಾನೂ ಹಿಂದೆ ಹೋಗಿದ್ದೇನೆ. ತೊಟ್ಟಿಗೆ ಕೈ ಹಾಕಿ ಒಂದು ಹಿಡಿ ಬೀಜ ತೆಗೆದು ಅಂಗೈಯಲ್ಲಿ ತಿಕ್ಕುವರು. ಜಾರಿದರೆ, ‘ಇನ್ನೂ ಲೋಳೆ ಇದೆ, ಬಿಡಿ’ ಅನ್ನುವರು. ಹೊಳೆಯ ಮರಳಿನಂತೆ ಗರಗರ ಅಂದರೆ, ‘ನೀರು ಬಿಡಿ’ ಅನ್ನುವರು. ಸಂಶಯ ಬಂದರೆ ರಾಶಿಯೊಳಗೆ ಒಂದು ಕೋಲು ಚುಚ್ಚಿ ತೆಗೆಯುವರು. ತೂತು ಮುಚ್ಚಿಕೊಂಡರೆ ಕಾಯಬೇಕು, ಹಾಗೆಯೇ ನಿಂತರೆ ಆಯಿತು.

ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ. ರೊಬಸ್ಟಾದ ಲೋಳೆ ಹಟಮಾರಿ, ಮೂರು ದಿನವೂ ಹಿಡಿದೀತು. ಆದರೆ ಗಡಿಯಾರ ನೋಡಿಕೊಂಡು ಕುಳಿತರೆ ಕೆಲಸ ಕೆಡುತ್ತದೆ. ಚಳಿ ಹೆಚ್ಚಾದ ರಾತ್ರಿ ತಡ, ಮೋಡ ಕವಿದು ಬೆಚ್ಚಗಿದ್ದರೆ ಬೇಗ. ಹೊತ್ತು ಮೀರಿತೋ, ಬೀಜ ನಾರುತ್ತದೆ. ಅಂಥ ಕೆಲವೇ ಬೀಜ ಸಾಕು, ಲೋಟದ ಕಾಫಿ ಕೆಡಿಸಲು.

ಇವತ್ತು ಈ ಮಾತು ತೆಗೆಯಲು ಕಾರಣವಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿದೆ, ಮನೆಮನೆಯಲ್ಲಿ ಕಾಂಬಿನೇಷನ್ ಚರ್ಚೆ ನಡೆದಿದೆ. ಜೈವಿಕ ಇಂಜಿನಿಯರಿಂಗ್‌ನಲ್ಲಿ ಎಂ.ಟೆಕ್., ಪಿಎಚ್.ಡಿ. ಮಾಡಿದವಳು ಎಂದು ನನ್ನನ್ನು ಮಾತಾಡಲು ಕರೆಸಿದ್ದಾರೆ. ಆ ಓದು ಎಂದರೇನು ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಬೆಂಗಳೂರಿನ ಪ್ರಯೋಗಾಲಯವಲ್ಲ, ಆ ತೊಟ್ಟಿ. ಅದರಲ್ಲಿ ಪೆಕ್ಟಿನ್ ಎಂಬ ಅಂಟನ್ನು ಸೂಕ್ಷ್ಮಜೀವಿಗಳು ತಮ್ಮ ಕಿಣ್ವಗಳಿಂದ ಕತ್ತರಿಸುತ್ತಿದ್ದವು. ಅಪ್ಪನಿಗೆ ಪೆಕ್ಟಿನ್ ಗೊತ್ತಿರಲಿಲ್ಲ. ನನಗೆ ಪೆಕ್ಟಿನ್ ಗೊತ್ತಾದ ಮೇಲೂ ಗರಗರ ಗೊತ್ತಾಗಲು ಬಹಳ ಕಾಲ ಬೇಕಾಯಿತು.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. 2018ರ ಆಗಸ್ಟ್‌ನಲ್ಲಿ ನಮ್ಮ ಸುತ್ತಿನ ಗುಡ್ಡಗಳು ಜಾರಿದ ಮೇಲೆ ‘ಬಯೋ ಇಂಜಿನಿಯರಿಂಗ್’ ಎಂಬ ಪದ ಇಲ್ಲಿ ಹೆಚ್ಚು ಕೇಳಿಸತೊಡಗಿತು. ರಸ್ತೆ ಕಟ್ಟುವವರ ಬಾಯಲ್ಲಿ ಅದರ ಅರ್ಥ ಬೇರೆ. ಲಾವಂಚದಂಥ ಹುಲ್ಲು ನೆಟ್ಟು, ಹತ್ತಡಿ ಆಳಕ್ಕೂ ಇಳಿಯುವ ಅದರ ಬೇರಿನಿಂದ ಬರೆಯ ಮಣ್ಣನ್ನು ಹಿಡಿಸುವುದು. ಅದೂ ಒಳ್ಳೆಯ ವಿದ್ಯೆಯೇ. ನಾನು ಓದಿದ್ದು ಅದಲ್ಲ. ನನ್ನ ಓದಿನಲ್ಲಿ ಜೀವಕೋಶವೇ ಯಂತ್ರ, ಜೀವಕೋಶವೇ ಕಚ್ಚಾವಸ್ತು, ಕೆಲವೊಮ್ಮೆ ಜೀವಕೋಶವೇ ಗಿರಾಕಿ. ಯೀಸ್ಟ್‌ನಿಂದ ಔಷಧ ತೆಗೆಯುವವರು, ಹೃದಯಕ್ಕೆ ಕವಾಟ ಮಾಡುವವರು, ಕೊಳಕು ನೀರನ್ನು ಬ್ಯಾಕ್ಟೀರಿಯಾಗಳಿಂದ ತಿಳಿಗೊಳಿಸುವವರು, ಎಲ್ಲರೂ ಈ ಒಂದೇ ಸೂರಿನಡಿ ಕೂತಿದ್ದಾರೆ. ಸೂರು ಮಾತ್ರ ಹೊಸದು. ಅಮೆರಿಕದ ಎಂ.ಐ.ಟಿ.ಯಂಥ ಕಡೆಯೂ ಜೈವಿಕ ಇಂಜಿನಿಯರಿಂಗ್ ಎಂಬ ಹೆಸರಿನ ಸ್ನಾತಕ ಪದವಿ ಶುರುವಾದದ್ದು 2005ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆಂದೇ ಒಂದು ಕೇಂದ್ರ ಬಂದದ್ದು 2015ರಲ್ಲಿ. ಅದೇ ಈಗ ಬಯೋ ಇಂಜಿನಿಯರಿಂಗ್ ವಿಭಾಗವಾಗಿದೆ.

ಎಂ.ಟೆಕ್.ನ ಮೊದಲ ವರ್ಷ ನನ್ನ ಕಣ್ಣಲ್ಲಿ ನೀರು ಬರಿಸಿದ್ದು ಜೀವಶಾಸ್ತ್ರವಲ್ಲ, ಹಂಡೆ. ಹೌದು, ಬಚ್ಚಲುಮನೆಯ ಹಂಡೆ.

ಚೊಂಬಿನಲ್ಲಿ ತೋಡಿಟ್ಟ ಬಿಸಿನೀರು ಐದು ನಿಮಿಷದಲ್ಲಿ ಆರುತ್ತದೆ, ಹಂಡೆಯದು ಬೆಳಗಿನವರೆಗೂ ಬೆಚ್ಚಗಿರುತ್ತದೆ. ಇದು ಎಲ್ಲರಿಗೂ ಗೊತ್ತು. ಕಾರಣ ಇಷ್ಟೇ: ಪಾತ್ರೆಯ ಉದ್ದ, ಅಗಲ, ಎತ್ತರವನ್ನು ಹತ್ತುಪಟ್ಟು ಮಾಡಿದರೆ ಒಳಗೆ ಹಿಡಿಸುವ ನೀರು ಸಾವಿರಪಟ್ಟು ಆಗುತ್ತದೆ, ಶಾಖ ಹೊರಹೋಗುವ ಮೈ ಮಾತ್ರ ನೂರುಪಟ್ಟು. ಈಗ ಆ ನೀರಿನ ಜಾಗದಲ್ಲಿ ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳನ್ನು ಊಹಿಸಿಕೊಳ್ಳಿ. ಒಳ್ಳೆಯ ಊಟ, ಹದವಾದ ಬಿಸಿ ಸಿಕ್ಕರೆ ಇ. ಕೊಲೈ ಎಂಬ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಹತ್ತು ಗಂಟೆಯಲ್ಲಿ ಮೂವತ್ತು ಸಲ ಇಮ್ಮಡಿ. ಒಂದು ಇದ್ದದ್ದು 107 ಕೋಟಿ ದಾಟುತ್ತದೆ. ಉಸಿರಾಡುವ ಅಷ್ಟು ಜೀವಗಳಿಂದ ಶಾಖ ಹುಟ್ಟುತ್ತದೆ. ಒಂದು ಲೀಟರಿನ ಗಾಜಿನ ಪಾತ್ರೆಯಲ್ಲಿ ಆ ಶಾಖ ತಾನೇ ಹೊರಟುಹೋಗುತ್ತದೆ. ಸಾವಿರ ಲೀಟರಿನ ಉಕ್ಕಿನ ತೊಟ್ಟಿಯಲ್ಲಿ ಹೋಗಲು ದಾರಿಯಿಲ್ಲದೆ, ತಾವೇ ಹುಟ್ಟಿಸಿದ ಶಾಖದಲ್ಲಿ ಅವು ಬೇಯುತ್ತವೆ. ಉಸಿರಾಟದ ಕಥೆಯೂ ಹಾಗೆಯೇ. 25 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ, ಚಿಟಿಕೆಯೂ ಅಲ್ಲ. ದಟ್ಟವಾಗಿ ಬೆಳೆದ ಜೀವಕೋಶಗಳು ಅದನ್ನು ಕೆಲವೇ ಕ್ಷಣದಲ್ಲಿ ಮುಗಿಸುತ್ತವೆ. ಗಾಳಿ ಊದುತ್ತಲೇ ಇರಬೇಕು. ಜೋರಾಗಿ ಕಡೆದರೆ ಆಮ್ಲಜನಕ ಚೆನ್ನಾಗಿ ಬೆರೆಯುತ್ತದೆ, ನಿಜ. ಆದರೆ ಪ್ರಾಣಿಗಳ ಜೀವಕೋಶಕ್ಕೆ ಬ್ಯಾಕ್ಟೀರಿಯಾದಂಥ ಗಟ್ಟಿ ಗೋಡೆಯಿಲ್ಲ, ಕಡೆದರೆ ಹರಿದುಹೋಗುತ್ತದೆ. ಕಡೆಯದಿದ್ದರೆ ಉಸಿರುಗಟ್ಟುತ್ತದೆ. ಆ ಎರಡರ ನಡುವಿನ ವೇಗ ಎಷ್ಟು? ಅದನ್ನು ಕಾಗದದ ಮೇಲೆ ಲೆಕ್ಕ ಹಾಕುವುದು, ಆಮೇಲೆ ತೊಟ್ಟಿಯ ಮುಂದೆ ನಿಂತು ಆ ಲೆಕ್ಕ ಯಾಕೆ ತಪ್ಪಾಯಿತೆಂದು ನೋಡುವುದು. ಎರಡು ವರ್ಷದ ಎಂ.ಟೆಕ್. ಅಂದರೆ ಬಹುಪಾಲು ಇದೇ.

ಹಾಗಾಗಿ ಪೋಷಕರಿಗೆ ಒಂದು ವಿನಂತಿ. ಮಗಳಿಗೆ ಗಿಡ, ಕಪ್ಪೆ, ಚಿಟ್ಟೆ ಇಷ್ಟ, ಲೆಕ್ಕ ಕಷ್ಟ, ಆದ್ದರಿಂದ ಈ ಕೋರ್ಸ್ ಸರಿ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ಸರಿಯಲ್ಲ. ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಬರೆದು ಬಯೋಟೆಕ್ನಾಲಜಿಯ ಬಿ.ಇ. ಸೇರುವುದಕ್ಕೂ ಭೌತಶಾಸ್ತ್ರ, ಗಣಿತ ಬೇಕೇ ಬೇಕು. ಪಿಯುಸಿಯಲ್ಲಿ ಗಣಿತ, ಜೀವಶಾಸ್ತ್ರ ಎರಡನ್ನೂ ಇಟ್ಟುಕೊಳ್ಳಿ. ಆಗ ಎರಡು ಬಾಗಿಲೂ ತೆರೆದಿರುತ್ತವೆ. ನನ್ನ ಜೊತೆ ಓದಿದವರಲ್ಲಿ ಮೆಕ್ಯಾನಿಕಲ್ ಮುಗಿಸಿ ಬಂದವರಿದ್ದರು, ಅವರಿಗೆ ಡಿ.ಎನ್.ಎ. ತಲೆಗೆ ಹತ್ತಲು ಒಂದು ತಿಂಗಳು ಸಾಕಾಯಿತು. ಕಲನಶಾಸ್ತ್ರ ನನ್ನ ತಲೆಗೆ ಹತ್ತಲು ಒಂದು ವರ್ಷ ಬೇಕಾಯಿತು. 2018ರಲ್ಲಿ, ನಾವಿಲ್ಲಿ ಪರಿಹಾರ ಕೇಂದ್ರಗಳಿಂದ ಮನೆಗೆ ಮರಳುವ ಹೊತ್ತಿಗೆ, ಕಿಣ್ವಗಳ ಮೇಲಿನ ಕೆಲಸಕ್ಕೆ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸೆಸ್ ಅರ್ನಾಲ್ಡ್ ಮೊದಲು ಓದಿದ್ದು ಮೆಕ್ಯಾನಿಕಲ್ ಮತ್ತು ವಿಮಾನ ಇಂಜಿನಿಯರಿಂಗ್. ಆಕೆ ಮಾಡಿದ್ದು ಒಂದು ಬಗೆಯಲ್ಲಿ ನಮ್ಮ ಬೆಳೆಗಾರರ ಕೆಲಸವೇ. ಕಿಣ್ವವನ್ನು ಹೇಗೆ ತಿದ್ದಬೇಕೆಂದು ತಾನೇ ಲೆಕ್ಕ ಹಾಕುವುದು ಬಿಟ್ಟು, ಅದರ ಜೀನಿನಲ್ಲಿ ಅಲ್ಲಲ್ಲಿ ಗೊತ್ತುಗುರಿಯಿಲ್ಲದೆ ಬದಲಾವಣೆ ತಂದು, ಹುಟ್ಟಿದ ಸಾವಿರಾರು ಮರಿಗಳಲ್ಲಿ ಚುರುಕಾದದ್ದನ್ನು ಆರಿಸಿ, ಅದನ್ನೇ ಮತ್ತೆ ಬದಲಿಸಿ, ಮತ್ತೆ ಆರಿಸಿದರು. ಒಳ್ಳೆಯ ಗಿಡದ ಬೀಜವನ್ನೇ ನರ್ಸರಿಗೆ ಎತ್ತಿಡುವ ಯಾವ ಬೆಳೆಗಾರನಿಗೂ ಇದು ಹೊಸದಾಗಿ ಕಾಣಲಾರದು.

ಈಗ ನಮ್ಮ ಹೊಳೆಯ ವಿಷಯ. ತೊಟ್ಟಿ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ನಾನು ಚಿಕ್ಕವಳಿದ್ದಾಗ ಅದನ್ನು ಯಾರೂ ಕೇಳುತ್ತಿರಲಿಲ್ಲ, ತೋಡಿಗೆ ಹೋಗುತ್ತಿತ್ತು. ತೋಡಿನಿಂದ ಮಾದಾಪುರ ಹೊಳೆಗೆ, ಅಲ್ಲಿಂದ ಹಾರಂಗಿಗೆ, ಕೂಡಿಗೆಯ ಬಳಿ ಕಾವೇರಿಗೆ. ಕುಯ್ಲಿನ ದಿನಗಳಲ್ಲಿ ಹೊಳೆ ಕಂದುಗಟ್ಟಿ ನಾರುವುದನ್ನು ನಾನು ನೋಡಿದ್ದೇನೆ. ಆ ನೀರಿನಲ್ಲಿ ವಿಷವೇನೂ ಇರಲಿಲ್ಲ, ಇದ್ದದ್ದು ಸಕ್ಕರೆ ಮತ್ತು ಲೋಳೆ. ತೊಂದರೆ ಅಲ್ಲೇ ಇದೆ. ಬ್ಯಾಕ್ಟೀರಿಯಾಗಳಿಗೆ ಅದು ಮದುವೆಮನೆ ಊಟ. ಉಂಡು ಬೆಳೆಯುವಾಗ ಹೊಳೆಯ ಆ ಎಂಟು ಮಿಲಿಗ್ರಾಂ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಮೀನು ಸಾಯುವುದು ಉಸಿರುಗಟ್ಟಿ.

ಇಂಥ ನೀರಿಗೆ ಮದ್ದು ಹುಡುಕಿದವರ ಪೈಕಿ ಒಬ್ಬರು ನೂರು ವರ್ಷದ ಹಿಂದೆಯೇ ಬೆಂಗಳೂರಿಗೆ ಬಂದು ಪಾಠ ಹೇಳಿದ್ದರು. ಅವರ ಹೆಸರು ಗಿಲ್ಬರ್ಟ್ ಫೌಲರ್. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಅವರ ಸಲಹೆಯಂತೆ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಚರಂಡಿ ನೀರಿಗೆ ಗಾಳಿ ಊದಿ ನೋಡಿದರು. ಮೊದಲ ಸಲ ನೀರು ತಿಳಿಯಾಗಲು ಐದು ವಾರ ಹಿಡಿಯಿತು. ಬೇರೆಯವರಾಗಿದ್ದರೆ ತಳದಲ್ಲಿ ಕುಳಿತ ಕೆಸರನ್ನು ಚೆಲ್ಲಿ, ಪಾತ್ರೆ ತೊಳೆದು, ಮತ್ತೆ ಶುರುಮಾಡುತ್ತಿದ್ದರು. ಇವರು ತಿಳಿನೀರನ್ನಷ್ಟೇ ಬಸಿದು, ಕೆಸರನ್ನು ಉಳಿಸಿಕೊಂಡು, ಅದರ ಮೇಲೆ ಹೊಸ ಚರಂಡಿ ನೀರು ಸುರಿದರು. ಪ್ರತಿಸಲವೂ ಕಾಲ ಕಡಿಮೆಯಾಗುತ್ತ ಬಂದು, ಕೊನೆಗೆ ಒಂದು ದಿನದೊಳಗೆ ಕೆಲಸ ಮುಗಿಯತೊಡಗಿತು. 1914ರಲ್ಲಿ ಇದನ್ನು ಪ್ರಕಟಿಸಿದರು. ಇವತ್ತಿಗೂ ಲೋಕದ ದೊಡ್ಡ ಊರುಗಳ ಕೊಳಚೆ ನೀರು ಬಹುಮಟ್ಟಿಗೆ ಇದೇ ಕ್ರಮದಲ್ಲಿ ಶುದ್ಧವಾಗುತ್ತದೆ. ಪುಸ್ತಕದಲ್ಲಿ ಇದನ್ನು ಓದಿದಾಗ ನನಗೆ ನಗು ಬಂತು. ಇದು ಹೆಪ್ಪು! ನಿನ್ನೆಯ ಮೊಸರಿನಲ್ಲಿ ಒಂದು ಚಮಚ ಉಳಿಸಿಕೊಳ್ಳುವ ಅಮ್ಮನ ವಿದ್ಯೆ. 1916ರಲ್ಲಿ ಫೌಲರ್ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಶುರುವಾದಾಗ ಅದರ ಮುಖ್ಯಸ್ಥರಾದರು. ಬಯೋ ಇಂಜಿನಿಯರಿಂಗ್ ಎಂಬ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲದ ಕಾಲದಲ್ಲೇ ಅದರ ಪಾಠ ನಮ್ಮ ನಾಡಿನಲ್ಲಿ ನಡೆದಿತ್ತು.

ಆದರೆ ಮ್ಯಾಂಚೆಸ್ಟರ್‌ನ ಹೆಪ್ಪು ಕಾಫಿ ನೀರಿಗೆ ಹಾಗೆಯೇ ಒಗ್ಗುವುದಿಲ್ಲ. ಊರಿನ ಚರಂಡಿ ವರ್ಷವಿಡೀ ಹರಿಯುತ್ತದೆ, ಪಲ್ಪರ್ ನೀರು ಬರುವುದು ಕುಯ್ಲಿನಲ್ಲಿ ಮಾತ್ರ. ಮೂರು ತಿಂಗಳು ಹಬ್ಬ, ಒಂಬತ್ತು ತಿಂಗಳು ಉಪವಾಸ. ಅಷ್ಟು ದಿನ ಆ ಜೀವಿಗಳನ್ನು ಬದುಕಿಸಿಡುವುದು ಹೇಗೆ? ಜೊತೆಗೆ ನೀರು ಹುಳಿ. ಗಾಳಿ ಊದಲು ಕರೆಂಟು ಬೇಕು, ಕರೆಂಟಿನ ಸ್ಥಿತಿ ಮಾದಾಪುರದವರಿಗೆ ನಾನು ಹೇಳಬೇಕೆ? ಹಾಗಾಗಿ ಗಾಳಿಯೇ ಬೇಡದ ದಾರಿ ಹುಡುಕಿದರು. ಮುಚ್ಚಿದ ತೊಟ್ಟಿಯಲ್ಲಿ, ಆಮ್ಲಜನಕವಿಲ್ಲದೆ ಬದುಕುವ ಜೀವಿಗಳಿಗೆ ಈ ನೀರು ಉಣಿಸಿದರೆ ಅವು ಅದನ್ನು ಅಡುಗೆ ಅನಿಲವಾಗಿ ಮಾಡುತ್ತವೆ. ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಅದೇ ಪರಂಪರೆಯ ಎಚ್.ಎನ್. ಚಾಣಕ್ಯ ಅವರು ಕಾಫಿ ಸಂಸ್ಕರಣೆಯ ನೀರಿನ ಮೇಲೆ ಇಂಥ ಕೆಲಸ ಮಾಡಿದವರು. ಉನ್ನತ ವ್ಯಾಸಂಗ ಎಂದರೆ ವಿದೇಶದ ಸಮಸ್ಯೆಗೆ ವಿದೇಶದ ಉತ್ತರ ಎಂದುಕೊಂಡಿದ್ದ ನನಗೆ, ಅಪ್ಪನ ತೊಟ್ಟಿಯ ನೀರೂ ಸಂಶೋಧನಾ ಪ್ರಬಂಧಕ್ಕೆ ವಿಷಯವಾದೀತು ಎಂದು ತಿಳಿದದ್ದು ಅಲ್ಲಿಯೇ.

ನಮ್ಮ ಮಣ್ಣಿನ ಮಾತೇ ವಿಜ್ಞಾನಕ್ಕೆ ಹೋದದ್ದೂ ಉಂಟು. ಏಲಕ್ಕಿ ಎಲೆಯಲ್ಲಿ ತಿಳಿಹಸಿರು ಪಟ್ಟೆ ಮೂಡಿ ಗಿಡ ಕುಗ್ಗುವ ರೋಗಕ್ಕೆ ನಮ್ಮವರು ಇಟ್ಟ ಹೆಸರು ಕಟ್ಟೆ. ಜಗತ್ತಿನ ಯಾವ ಮೂಲೆಯ ಸಸ್ಯರೋಗದ ಪುಸ್ತಕ ತೆರೆದರೂ ಅದು ಕಟ್ಟೆಯೇ. ಇನ್ನೊಂದು ರೋಗ ಕೊಕ್ಕೆ ಕಂದು. ಎರಡೂ ವೈರಸ್ಸಿನಿಂದ ಬರುವಂಥವು, ಎರಡನ್ನೂ ಹರಡುವುದು ಸಸ್ಯಹೇನು. ಮಡಿಕೇರಿಯ ಪಕ್ಕದ ಅಪ್ಪಂಗಳದ ಸಂಶೋಧನಾ ಕೇಂದ್ರದಿಂದ ಕಟ್ಟೆ ತಡೆಯುವ ‘ವಿಜೇತ’ ಎಂಬ ತಳಿಯೂ ಬಂದಿದೆ. ಪಿಯುಸಿ ಮಕ್ಕಳನ್ನು ಮೈಸೂರಿನ ಮೃಗಾಲಯಕ್ಕೆ ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳು ಒಮ್ಮೆ ಅಪ್ಪಂಗಳಕ್ಕೂ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೂ ಕರೆದೊಯ್ದರೆ ಬಸ್ಸಿನ ಖರ್ಚೂ ಕಡಿಮೆ.

ಈ ಓದಿನ ಕಷ್ಟ ಹೇಳದೆ ಬರೀ ಹೊಗಳಿದರೆ ತಪ್ಪಾದೀತು. ನನ್ನ ಎರಡನೆಯ ವರ್ಷ ಒಂದು ಪ್ರಯೋಗ ಇಪ್ಪತ್ತೊಂದು ದಿನ ನಡೆಯಬೇಕಿತ್ತು. ಯೀಸ್ಟ್ ಬಿಟ್ಟರೆ ಬೇರೊಂದು ಜೀವಿ ಒಳಗೆ ಇರಬಾರದು. ಪಾತ್ರೆ, ಕೊಳವೆ, ಊಟ ಎಲ್ಲವನ್ನೂ 121 ಡಿಗ್ರಿಯಲ್ಲಿ ಬೇಯಿಸಿ ಶುದ್ಧ ಮಾಡುವುದು ವಾಡಿಕೆ. ಯಂತ್ರದ ಹೆಸರು ದೊಡ್ಡದು, ಕೆಲಸ ಮಾತ್ರ ನಮ್ಮ ಪ್ರೆಷರ್ ಕುಕ್ಕರಿನದೇ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಬಾಗಿಲು ತೆರೆದಾಗ ಹುಳಿ ಬಂದ ದೋಸೆಹಿಟ್ಟಿನ ವಾಸನೆ. ಒಂದು ಕೊಳವೆಯ ಬಿಗಿ ಸಡಿಲಾಗಿ ಎಲ್ಲಿಯದೋ ಬ್ಯಾಕ್ಟೀರಿಯಾ ಒಳಗೆ ಸೇರಿಕೊಂಡಿತ್ತು. ಬಿಗಿ ಮಾಡಿದವಳು ನಾನೇ, ಬೈಯಲು ಯಾರೂ ಸಿಗಲಿಲ್ಲ. ನನ್ನ ಮಾರ್ಗದರ್ಶಕರು ಒಮ್ಮೆ ಮೂಸಿ ನೋಡಿ, ‘ಡೈರಿಯಲ್ಲಿ ಬರೆದಿಡು, ಕುದಿಸಿ ಚೆಲ್ಲು, ಮಧ್ಯಾಹ್ನವೇ ಶುರುಮಾಡು’ ಎಂದು ಹೊರಟುಹೋದರು. ಕಬ್ಬಿಣ ಕಾದುಕೊಂಡಿರುತ್ತದೆ, ಸಿಮೆಂಟು ಕಾದುಕೊಂಡಿರುತ್ತದೆ, ಜೀವ ಕಾಯುವುದಿಲ್ಲ. ಭಾನುವಾರವೂ ಅದಕ್ಕೆ ಹಸಿವು. ಹುತ್ತರಿ ಹಬ್ಬಕ್ಕೆ ಊರಿಗೆ ಬರಲಾಗದೆ ಪಾತ್ರೆಯ ಪಕ್ಕ ಕುಳಿತ ವರ್ಷಗಳಿವೆ.

ನನ್ನದು ಹತ್ತೊಂಬತ್ತು ದಿನದ ಸೋಲು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಎಂಬ ಶಸ್ತ್ರವೈದ್ಯರು ಇಂಜಿನಿಯರುಗಳ ಜೊತೆ ಕೂತು ಹೃದಯದ ಕವಾಟ ಮಾಡಲು ಹೊರಟಾಗ ಮೂರು ಮಾದರಿಗಳು ಒಂದರ ಹಿಂದೊಂದು ಸೋತವು, ವರ್ಷಗಳೇ ಕಳೆದವು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅಷ್ಟೂ ಸಲ ಕವಾಟ ತೆರೆದು ಮುಚ್ಚಬೇಕು, ಸವೆಯಬಾರದು, ಮೇಲೆ ರಕ್ತ ಹೆಪ್ಪುಗಟ್ಟಬಾರದು. ನಾಲ್ಕನೆಯ ಮಾದರಿ 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಯ ಎದೆ ಸೇರಿತು. ವಿದೇಶದ ಕವಾಟ ಕೊಳ್ಳಲಾಗದವರಿಗೆ ಅದು ಜೀವ ಉಳಿಸಿತು. ವಲಿಯತ್ತಾನ್ ಅವರು ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದರು.

ದುಡ್ಡಿನ ಮಾತು. ಕೂಲಿ ಮಾಡುವವರ, ರೈಟರುಗಳ ಮನೆಯಲ್ಲಿ ಇದನ್ನು ಮೊದಲು ಕೇಳುತ್ತಾರೆ, ಕೇಳಲೇಬೇಕು. ಗೇಟ್ ಪರೀಕ್ಷೆ ಪಾಸಾಗಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಆ ಪರೀಕ್ಷೆಯಲ್ಲಿ ಬಯೋಟೆಕ್ನಾಲಜಿಗೆ ಒಂದು ಪತ್ರಿಕೆ, 2020ರಿಂದ ಬಯೋಮೆಡಿಕಲ್‌ಗೆ ಇನ್ನೊಂದು. ಪಿಎಚ್.ಡಿ.ಗೆ ಕಿರಿಯ ಸಂಶೋಧಕರ ಫೆಲೋಶಿಪ್ ಸಿಕ್ಕರೆ, 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ. ಇಂಜಿನಿಯರಿಂಗ್ ಶುಲ್ಕ ಹೊರೆಯಾದರೆ ಬಿ.ಎಸ್ಸಿ. ದಾರಿಯೂ ಇದೆ, ಜಾಮ್ ಪರೀಕ್ಷೆ ಬರೆದು ವಿಜ್ಞಾನ ಸಂಸ್ಥೆಯ ಸಂಯುಕ್ತ ಪಿಎಚ್.ಡಿ. ಸೇರಬಹುದು. ಕೆಲಸದ ಬಗ್ಗೆ ಮಾತ್ರ ಮುಚ್ಚುಮರೆ ಬೇಡ. ಬರೀ ಬಿ.ಇ. ಮುಗಿಸಿ ನಿಂತರೆ ಇದರಲ್ಲಿ ಅವಕಾಶ ಕಡಿಮೆ, ನನ್ನ ತರಗತಿಯ ಅರ್ಧದಷ್ಟು ಜನ ಸಾಫ್ಟ್‌ವೇರ್ ಸೇರಿದರು. ಮುಂದೆ ಓದುವ ತಾಳ್ಮೆ ಇದ್ದರಷ್ಟೇ ಈ ದಾರಿ. ಹಂದಿ, ದನಗಳ ಮೇದೋಜೀರಕದಿಂದ ತೆಗೆಯುತ್ತಿದ್ದ ಇನ್ಸುಲಿನ್ನನ್ನು ಯೀಸ್ಟ್‌ನಿಂದ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದ ಬಯೋಕಾನ್ ನಮ್ಮ ಬೆಂಗಳೂರಿನದು. ಅಂಥ ಕಡೆ ತೊಟ್ಟಿಯ ಮುಂದೆ ನಿಲ್ಲುವವರು ಬೇಕು.

ಹೆಣ್ಣುಮಕ್ಕಳನ್ನು ಅಷ್ಟು ದೂರ, ಅಷ್ಟು ವರ್ಷ ಓದಿಸಬೇಕೆ ಎಂದು ನನ್ನ ಅಪ್ಪನನ್ನೂ ಕೇಳಿದವರಿದ್ದರು. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಇದೇ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣು ಎಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಸೇರಿಸಿಕೊಳ್ಳಲಿಲ್ಲ. ಆಕೆ ಜಗ್ಗಲಿಲ್ಲ. ಕಡೆಗೆ ಒಂದು ವರ್ಷ ನೋಡೋಣ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದ ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಅಪ್ಪನಿಗೆ ಈ ಕಥೆ ಗೊತ್ತಿರಲಿಲ್ಲ. ‘ಅವಳಿಗೆ ಲೆಕ್ಕ ಬರುತ್ತೆ, ಹೋಗಲಿ’ ಎಂದಷ್ಟೇ ಹೇಳಿದ್ದರು.

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಒಂದು ಪಿ.ಎಚ್. ಮೀಟರ್ ತಂದಿದ್ದೆ. ಹುದುಗು ಬಲಿತಂತೆ ತೊಟ್ಟಿ ಹುಳಿಯಾಗುತ್ತ ಹೋಗುತ್ತದೆ, ಮೀಟರಿನ ಅಂಕಿ ಇಳಿಯುತ್ತದೆ. ಅಪ್ಪ ಈಗ ಕೆಲಸ ಬಿಟ್ಟಿದ್ದಾರೆ, ಆದರೂ ತೋಟದವರು ಜಾವಕ್ಕೆ ಕರೆಯುತ್ತಾರೆ. ಮತ್ತೆ ಇಬ್ಬರೂ ಹೋದೆವು. ನಾನು ಅರ್ಧ ಗಂಟೆಗೊಮ್ಮೆ ಮೀಟರ್ ಇಳಿಸಿ ಬರೆದುಕೊಂಡೆ: 4.9, 4.7, 4.6. ಗೀಟು ಎಳೆದು, ಇನ್ನು ಎರಡು ಗಂಟೆ ಬೇಕು ಎಂದೆ. ಅಪ್ಪ ಕೈ ಹಾಕಿ ಒಂದು ಹಿಡಿ ತಿಕ್ಕಿದರು, ಮಾತಾಡಲಿಲ್ಲ. ನಡುವೆ ಒಮ್ಮೆ ಹೋಗಿ ಕಪ್ಪು ಕಾಫಿ ಕುಡಿದು ಬಂದೆವು. ಒಂದೂವರೆ ಗಂಟೆ ಕಳೆದಿತ್ತು. ಮತ್ತೆ ಕೈ ಹಾಕಿ, ‘ನೀರು ಬಿಡಿ’ ಎಂದರು. ಮೀಟರ್ 4.3 ತೋರಿಸುತ್ತಿತ್ತು. ತೊಳೆಯುವ ಹುಡುಗ ಇಬ್ಬರ ಮುಖ ನೋಡಿದ. ನಾನು ಮೀಟರ್ ಒರೆಸಿ ಡಬ್ಬಿಗೆ ಹಾಕುತ್ತಿದ್ದಾಗ ಅಪ್ಪ ಕೇಳಿದರು: ‘ಇದನ್ನ ಈ ಹುಡುಗನಿಗೂ ಓದೋಕೆ ಕಲಿಸಬಹುದಾ ಮಗ? ನನ್ನ ಕೈ ಈಗೀಗ ಚಳಿಗೆ ಮರಗಟ್ಟುತ್ತೆ.’